ಒಂದು ಸಾಲಿಗೆ ಎರಡು ಮೂಲ

ನಮ್ಮ ತಾಲ್ಲೂಕು ವರದಿಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಸತ್ತ ಸುದ್ದಿ ಬಿದ್ದರೆ ಮೊದಲು ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತವೆ, ಹಿಂದೆಯೇ ‘ವಯಸ್ಸೆಷ್ಟು?’ ಎಂಬ ಪ್ರಶ್ನೆ. ಸತ್ತವರ ಹೆಸರಿನ ಪಕ್ಕ ಕಂಸದಲ್ಲಿ ವಯಸ್ಸು ಹಾಕದಿದ್ದರೆ ನಮ್ಮಲ್ಲಿ ನಿಧನದ ಸುದ್ದಿ ಪೂರ್ತಿಯಾಗುವುದಿಲ್ಲ. ಆ ಬೆಳಿಗ್ಗೆ ಕೆ.ಆರ್. ಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಒಬ್ಬಳಿಗಾಗುವಷ್ಟು ಉಪ್ಪಿಟ್ಟು ಕೆದಕುತ್ತಿದ್ದೆ. ಫೋನು ಒಂದೇ ಸಮ ಕುಯ್ಗುಟ್ಟಿತು. ಗುಂಪಿನ ಹಿರಿಯ ವರದಿಗಾರರು ಬರೆದಿದ್ದರು: ‘ಕೋಚ್ ಮೇಷ್ಟ್ರು ಇನ್ನಿಲ್ಲ. ಶೀಳನೆರೆ ತೋಟದ ಮನೆಯಲ್ಲಿ. ಎದೆನೋವಂತೆ.’ ಕೈಮುಗಿದ ಚಿತ್ರಗಳು ಶುರುವಾದವು. ನಾನು ಕೈಮುಗಿಯಲಿಲ್ಲ. ಉಪ್ಪಿಟ್ಟು ತಳ ಹಿಡಿಯಿತು.

ನಮ್ಮ ಸೀಮೆಯಲ್ಲಿ ಕೋಚ್ ಮೇಷ್ಟ್ರು ಅಂದರೆ ಅವರೊಬ್ಬರೇ. ಹೊಲ, ಹಟ್ಟಿ, ಡೇರಿ ಬಿಟ್ಟು ಬೇರೆ ದಾರಿ ಕಾಣದ ಮನೆಗಳಿಂದ ಹೆಣ್ಣುಮಕ್ಕಳನ್ನು ಕೇಳಿ ಕರೆತಂದು, ನೀರಿಲ್ಲದ ಕೆರೆಯಂಗಳದಲ್ಲಿ ಸುಣ್ಣದ ಗೆರೆ ಎಳೆದು ಖೋಖೋ ಕಲಿಸಿದವರು. ಕೈಯಲ್ಲಿ ಸದಾ ಹುಣಸೆ ಬರಲು. ನಿಧಾನವಾಗಿ ಎದ್ದವಳ ಮೀನಖಂಡಕ್ಕೆ ಬೀಳುತ್ತಿತ್ತು. ಹದಿನಾರು ತುಂಬಿದವಳನ್ನು ಹದಿನಾಲ್ಕರವಳೆಂದು ಬರೆಸಿ ಆಡಿಸುತ್ತಿದ್ದರು, ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅವರ ಕೈಕೆಳಗೆ ಆಡಿ ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದ ಹುಡುಗಿಯರ ಮನೆಗಳಲ್ಲಿ ಅವರ ಫೋಟೊ ದೇವರ ಪಟದ ಪಕ್ಕ ಇದೆ. ಅವರ ಮನೆ ಮುಂದೆ ನಿಂತು ಹಿಡಿಮಣ್ಣು ತೂರಿ ಶಾಪ ಹಾಕಿದ ತಾಯಂದಿರೂ ಇದ್ದಾರೆ. ಅವರಲ್ಲಿ ನನ್ನವ್ವನೂ ಒಬ್ಬಳಾಗಿದ್ದಳು.

ಆಗ ನಾನು ಹೈಸ್ಕೂಲು. ನಾಗಮಂಗಲದಲ್ಲಿ ಪಂದ್ಯ. ಹಿಂದಿನ ವಾರ ಅಭ್ಯಾಸದಲ್ಲಿ ಬಿದ್ದು ನನ್ನ ಎಡಮಂಡಿ ಊದಿಕೊಂಡಿತ್ತು, ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿದ್ದೆ. ಅಲ್ಲಿ ಹೋದ ಮೇಲೆ ಇನ್ನೊಬ್ಬಳು ಜ್ವರ ಬಂದು ಮಲಗಿದಳು, ಅಂಗಳಕ್ಕೆ ಒಬ್ಬಳು ಕಮ್ಮಿ. ಕೋಚು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ‘ಸುಮ್ಕೆ ಸಾಲ್ನಲ್ಲಿ ಕೂತಿರು ಸಾಕು ಕಣವ್ವ. ನಿಂಗ್ಯಾರೂ ಖೋ ಕೊಡಾಕಿಲ್ಲ. ನಾನ್ ಎಲ್ರಿಗೂ ಏಳಿವ್ನಿ.’

ಖೋಖೋ ಆಡದವರಿಗೆ ಒಂದು ಮಾತು ಹೇಳಬೇಕು. ಅಟ್ಟಿಸಿಕೊಂಡು ಹೋಗುವ ತಂಡದವರು ಸಾಲಾಗಿ ಕೂರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಅಟ್ಟಿಸಿಕೊಂಡು ಓಡುತ್ತಿರುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ‘ಖೋ’ ಅಂದರೆ ಕೂತವಳು ಎದ್ದು ಓಡಬೇಕು. ಅನ್ನದಿದ್ದರೆ ಏಳುವಂತಿಲ್ಲ. ಬೆನ್ನ ಹಿಂದೆ ಏನು ನಡೆಯುತ್ತಿದೆ ಅನ್ನುವುದು ಕೂತವಳಿಗೆ ಪೂರ್ತಿ ಕಾಣಿಸುವುದೂ ಇಲ್ಲ. ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ನನ್ನ ಬೆನ್ನಿಗೆ ಅಂಗೈ ಬಿತ್ತು, ‘ಖೋ’ ಕೇಳಿಸಿತು. ನಮ್ಮ ಕ್ಯಾಪ್ಟನ್ನಿನ ದನಿ. ಬುದ್ಧಿ ಬೇಡ ಅನ್ನುವ ಮೊದಲೇ ಮೈ ಎದ್ದಿತ್ತು. ನಾಕು ಹೆಜ್ಜೆ ಓಡಿ, ಕೈ ಚಾಚಿ ಎದುರು ತಂಡದವಳ ಲಂಗದ ಅಂಚು ಮುಟ್ಟಿದೆ. ಪಂದ್ಯ ಗೆದ್ದೆವು. ನನ್ನ ಮಂಡಿಯೊಳಗೆ ಏನೋ ಲಟಕ್ಕೆಂದದ್ದು ನನಗೊಬ್ಬಳಿಗೇ ಕೇಳಿಸಿತು.

ಅಲ್ಲಿಂದೀಚೆಗೆ ನಾನು ಕುಕ್ಕರಗಾಲಲ್ಲಿ ಕೂತಿಲ್ಲ. ಬಸ್ಸಿನ ಮೆಟ್ಟಿಲನ್ನು ಬಲಗಾಲಲ್ಲಿ ಹತ್ತಿ ಎಡಗಾಲನ್ನು ಎಳೆದುಕೊಳ್ಳುತ್ತೇನೆ. ಗೆರೆಯಾಚೆ ನಿಂತಿದ್ದ ಕೋಚು ಕ್ಯಾಪ್ಟನ್ನಿಗೆ ಸನ್ನೆ ಮಾಡಿ ಖೋ ಕೊಡಿಸಿದರು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವರ ಮಾತು ಮೀರಿ ನಮ್ಮಲ್ಲಿ ಯಾವಳೂ ಉಸಿರು ಬಿಡುತ್ತಿರಲಿಲ್ಲ. ಅಪ್ಪ ದೂರು ಕೊಟ್ಟ. ತಾಲ್ಲೂಕಿನ ಪಂದ್ಯ ನಡೆಸುವ ಹಿರಿಯರು ನಾಲ್ಕು ಜನ ಕೂತು ಕೇಳಿದರು. ಕೋಚು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ‘ಒಂದು ವರ್ಷ ಯಾವ ತಂಡವನ್ನೂ ಕರ್ಕೊಂಡು ಬರಬೇಡಿ’ ಅಂದರು ಆ ಹಿರಿಯರು. ಬರೀ ಬಾಯಿಮಾತು, ಕಾಗದ ಇಲ್ಲ, ಪತ್ರಿಕೆಯಲ್ಲಿ ಒಂದಕ್ಷರ ಬರಲಿಲ್ಲ. ನಾನು ಪತ್ರಿಕೆ ಕೆಲಸಕ್ಕೆ ಸೇರಿದ್ದು ಅದಕ್ಕೇ ಅಂದರೆ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಎಂದಾದರೂ ಒಂದು ದಿನ ಅವರ ಸುದ್ದಿ ಬರೆಯುವ ಸರದಿ ನನ್ನದಾಗುತ್ತದೆ, ಅದರಲ್ಲಿ ಒಂದು ಸಾಲು ನನ್ನ ಮಂಡಿಯದಿರಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ‘ಗಾಯಗೊಂಡ ಆಟಗಾರ್ತಿಯನ್ನು ಓಡಿಸಿದ್ದಕ್ಕಾಗಿ ಒಂದು ವರ್ಷ ದೂರವಿಡಲಾಗಿತ್ತು.’ ಅಷ್ಟೇ. ಹೆಚ್ಚೇನೂ ಬೇಕಿರಲಿಲ್ಲ.

ಅಷ್ಟು ಹೊತ್ತಿಗೆ ಗುಂಪಿಗೆ ಕಾಮನ್ ಕಾಪಿ ಬಂತು. ನಮ್ಮ ಕಡೆ ಒಬ್ಬರು ಬರೆಯುತ್ತಾರೆ, ಉಳಿದವರು ಹೆಸರು ಬದಲಿಸಿ ತಮ್ಮ ತಮ್ಮ ಪತ್ರಿಕೆಗೆ ತಳ್ಳುತ್ತಾರೆ. ಅದಕ್ಕೆ ಕಾಮನ್ ಕಾಪಿ ಅಂತ ಹೆಸರು. ‘ಖೋಖೋ ದ್ರೋಣ ಇನ್ನಿಲ್ಲ’ ಅನ್ನುವ ತಲೆಬರಹ. ಕೆಳಗೆ ‘ಶಿಸ್ತಿನ ಸಿಪಾಯಿ’, ‘ನೇರ ನುಡಿಯವರು’, ಕಡೆಗೆ ‘ಮೃತರು ಪತ್ನಿ ಹಾಗೂ ಅಪಾರ ಶಿಷ್ಯವೃಂದವನ್ನು ಅಗಲಿದ್ದಾರೆ.’ ಈ ಭಾಷೆ ನಮಗೆ ಬಾಯಿಪಾಠ. ಸತ್ತವನು ಕುಡುಕನಾಗಿದ್ದರೆ ಸ್ನೇಹಜೀವಿ. ಜಗಳಗಂಟನಾಗಿದ್ದರೆ ನೇರ ನುಡಿಯವನು. ಹೊಡೆಯುತ್ತಿದ್ದರೆ ಶಿಸ್ತಿನ ಸಿಪಾಯಿ. ದ್ರೋಣ ಅಂತ ಬರೆದವರಿಗೆ ಆ ಮಹಾನುಭಾವ ಹೆಬ್ಬೆರಳು ಕೇಳಿದ್ದು ನೆನಪಿಗೇ ಬಂದಿಲ್ಲವಲ್ಲ ಅಂತ ಒಲೆ ಮುಂದೆ ಒಬ್ಬಳೇ ನಕ್ಕೆ. ಅಪಾರ ಶಿಷ್ಯವೃಂದ ಅಂದಾಗ ನಾನೂ ಅದರಲ್ಲಿ ಸೇರಿಹೋಗಿದ್ದೆ. ಅದಕ್ಕೆ ನಗು ಬರಲಿಲ್ಲ.

ಶೀಳನೆರೆಗೆ ಹೋದೆ. ತೋಟದ ಮನೆ ಮುಂದೆ ಶಾಮಿಯಾನ ಎದ್ದಿತ್ತು, ಶಿಷ್ಯೆಯರು ಬರತೊಡಗಿದ್ದರು. ಟ್ರ್ಯಾಕ್‌ಸೂಟಿನಲ್ಲೇ ಬಂದ ಚಿಕ್ಕ ಹುಡುಗಿಯರು, ಸೀರೆಯುಟ್ಟು ಮಕ್ಕಳನ್ನು ಎತ್ತಿಕೊಂಡ ನನ್ನ ಓರಗೆಯವರು. ಅವರ ಜೊತೆ ನಿಲ್ಲೋಣವೆಂದರೆ ಅವರು ಅಳುತ್ತಿದ್ದರು, ನನಗೆ ಅಳು ಬರಲಿಲ್ಲ. ವರದಿಗಾರರು ಬೇಲಿಯ ಹತ್ತಿರ ನಿಂತು ಶ್ರದ್ಧಾಂಜಲಿ ಜಾಹೀರಾತು ಯಾರ್ಯಾರು ಕೊಡಬಹುದು ಅಂತ ಮಾತಾಡುತ್ತಿದ್ದರು, ಅಲ್ಲಿ ನಿಲ್ಲಲು ಹೇಸಿಗೆಯಾಯಿತು. ಒಂದು ತೆಂಗಿನ ಮರಕ್ಕೆ ಒರಗಿ ನಿಂತೆ. ಯಾರೋ ಕುರ್ಚಿ ತಂದುಕೊಟ್ಟರು, ನಾನು ಕುಂಟುವುದು ನೋಡಿ ಇರಬೇಕು.

ನಮ್ಮ ಹಿರಿಯ ವರದಿಗಾರರು ಕೋಚ್ ಹೆಂಡತಿಯ ಹತ್ತಿರ ಬಗ್ಗಿ ಕೇಳಿದರು. ‘ಅಮ್ಮಾ, ವಯಸ್ಸೆಷ್ಟು ಆಕಣ?’ ಮಗ್ಗುಲಲ್ಲಿ ಕೂತಿದ್ದ ಭಾವಮೈದ ಒಂದು ಹೇಳಿದ, ಆಧಾರ್ ಕಾರ್ಡಿನಲ್ಲಿ ಇನ್ನೊಂದಿತ್ತು, ಜೊತೆಯಲ್ಲಿ ಓದಿದವರೊಬ್ಬರು ಎರಡೂ ತಪ್ಪು ಅಂದರು. ಆಯಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ‘ಊರ್ ಉಡ್ಗೀರ್ ವಯಸ್ಸೆಲ್ಲಾ ತಿದ್ಕೊಂಡ್ ತಿರುಗ್ದ. ಇವುನ್ ವಯಸ್ಸ ಯಾರ್ ನೋಡ್ಕೊಂಡವ್ರೆ? ಎಷ್ಟಾರ ಆಕ್ಕೊಳ್ರಪ್ಪ’ ಅಂದರು. ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕುಬಿಟ್ಟರು. ಮಾರನೇ ದಿನ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ವಯಸ್ಸು ಬಂತು.

ನಾನು ಹೊರಡುವಾಗ ಆಯಮ್ಮ ನನ್ನ ಕೈ ಹಿಡಿದರು. ‘ನೀನೂ ಬರೀತೀಯೇನವ್ವ?’

‘ಊಂ.’

‘ಇರೋದ್ನ ಬರಿ’ ಅಂದು ಕೈ ಬಿಟ್ಟರು. ಯಾವುದನ್ನು ಅಂತ ನಾನು ಕೇಳಲಿಲ್ಲ.

ಬರೆದೆ. ಕಾಮನ್ ಕಾಪಿಯನ್ನು ಪಕ್ಕಕ್ಕಿಟ್ಟು ನನ್ನದೇ ಬರೆದೆ. ಅವರು ಕಲಿಸಿದ್ದು, ಗೆಲ್ಲಿಸಿದ್ದು, ಎಷ್ಟೋ ಮನೆಗಳಲ್ಲಿ ಮೊದಲ ಸಂಬಳ ತಂದವಳು ಅವರ ಶಿಷ್ಯೆಯಾದದ್ದು, ಎಲ್ಲ ಬರೆದೆ. ಹುಣಸೆ ಬರಲನ್ನು ಬರೆದೆ. ನನ್ನ ಸಾಲನ್ನು ನಡುವೆ ಇಟ್ಟೆ. ಜಾಗ ಸಾಲದಿದ್ದರೆ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ ಅನ್ನುವುದು ಗೊತ್ತಿಲ್ಲದವಳೇ ನಾನು? ಕಳಿಸಿ ಚಹಾ ಕುಡಿಯುವಷ್ಟರಲ್ಲಿ ಡೆಸ್ಕಿನ ಮುಖ್ಯಸ್ಥರು ಫೋನ್ ಮಾಡಿದರು. ಒಳ್ಳೆಯವರು, ಕೂಗಾಡುವವರಲ್ಲ.

‘ಚೆನ್ನಾಗಿದೆಯಮ್ಮ. ಈ ಅಮಾನತಿನ ಸಾಲೊಂದು ನೋಡಬೇಕಲ್ಲ. ಕಾಗದ ಇದೆಯಾ?’

‘ಇಲ್ಲ ಸರ್. ಬಾಯಲ್ಲಿ ಹೇಳಿದ್ದು.’

‘ಗಾಯಗೊಂಡವಳನ್ನ ಅವರೇ ಓಡಿಸಿದರು ಅಂತೀಯ. ಯಾರು ಹೇಳಿದರು?’

‘ಸರ್, ಆ ಆಟಗಾರ್ತಿ ನಾನೇ.’

‘ಅಯ್ಯೋ ದೇವರೇ’ ಅಂದರು. ‘ನೋಡಮ್ಮ, ಬೇರೆ ಯಾರಾದರೂ ಬರೆದಿದ್ದರೆ ಸುದ್ದಿಗೆ ನೀನೇ ಮೂಲ ಅನ್ನುತ್ತಿದ್ದೆ. ಬರೆಯೋಳೂ ನೀನೇ, ಹೇಳೋಳೂ ನೀನೇ ಆದರೆ ಹೆಂಗೆ? ಇನ್ನೊಬ್ಬರು ಬೇಕು. ಸತ್ತವರು ಎದ್ದು ಬಂದು ಇಲ್ಲ ಅನ್ನೋಕಾಗಲ್ಲ, ಅದಕ್ಕೇ ನಾವು ಎರಡು ಸಲ ಕೇಳಬೇಕು. ಪುಟ ಕಟ್ಟೋದರೊಳಗೆ ಎರಡನೇ ಮೂಲ ತಾ, ಹಾಕ್ತೀನಿ.’

ನನಗೆ ಮೈ ಉರಿಯಿತು. ನನ್ನ ಮಂಡಿ ಮುರಿದದ್ದಕ್ಕೆ ನನ್ನ ಮಾತು ಸಾಲದಂತೆ. ಆದರೂ ಕೂತು ಫೋನ್ ಹಚ್ಚಿದೆ. ಅಂದು ಸಾಲಿನಲ್ಲಿ ಕೂತಿದ್ದವರ ನಂಬರುಗಳನ್ನು ಒಬ್ಬರಿಂದ ಒಬ್ಬರಿಗೆ ಕೇಳಿ ಹುಡುಕಿದೆ. ಪಾಂಡವಪುರದಲ್ಲಿ ಟೈಲರಿಂಗ್ ಇಟ್ಟುಕೊಂಡವಳು, ‘ಸತ್ತೋರ್ ಮೇಲ್ ಯಾಕೆ ಬುಡು ಅತ್ಲಾಗೆ’ ಅಂದಳು. ಬೂಕನಕೆರೆಗೆ ಮದುವೆಯಾಗಿ ಹೋದವಳು, ‘ನನ್ನ ಮಗ್ಳೂವೆ ಅವ್ರ್ ತಂಡದಲ್ಲೇ ಆಡ್ತಾವ್ಳೆ ಕಣೇ, ಬ್ಯಾಡ’ ಅಂದು ಇಟ್ಟಳು. ಸಿಕ್ಕ ನಂಬರುಗಳಲ್ಲಿ ಮಿಕ್ಕವಳು ಕ್ಯಾಪ್ಟನ್ನು. ಬೆನ್ನು ಮುಟ್ಟಿದ ಕೈ ಅವಳದೇ, ಅವಳಿಗಿಂತ ಗೊತ್ತಿದ್ದವರಿಲ್ಲ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿ ಶ್ರೀರಂಗಪಟ್ಟಣದಲ್ಲಿದ್ದಾಳೆ, ಕರಿಘಟ್ಟದ ಕೆಳಗೆ ಮನೆ ಕಟ್ಟಿಸಿದ್ದಾಳೆ ಅಂತ ಕೇಳಿದ್ದೆ. ಅವಳ ಫೋನು ಹೊಡೆದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ‘ನಿನ್ನಿಂದ ಒಂದು ಮಾತು ಬೇಕು, ಅವತ್ತು ನಾಗಮಂಗಲದಲ್ಲಿ ಯಾರು ಹೇಳಿದ್ದು ಅಂತ’ ಎಂದು ಬರೆದು ಕಳಿಸಿದೆ. ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಕಿಟಕಿಯಲ್ಲಿ ಸಂಜೆಯಾಯಿತು. ಬೆನ್ನ ಹಿಂದೆ ಯಾರಾದರೂ ಬಂದಾರು ಅಂತ ಕಾಯುತ್ತಾ ಕೂರುವುದು ನನಗೆ ಅಭ್ಯಾಸವಿದ್ದ ಕೆಲಸವೇ. ಪುಟ ಕಟ್ಟುವ ಹೊತ್ತು ಬಂತು. ನಾನೇ ಫೋನ್ ಮಾಡಿ, ‘ತೆಗೆದುಬಿಡಿ ಸರ್’ ಅಂದೆ. ಅಂದ ಮೇಲೆ ಅಳು ಬಂತು. ಕೋಚು ಸತ್ತಿದ್ದಕ್ಕಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಎಲ್ಲ ಪತ್ರಿಕೆಗಳನ್ನೂ ಹರಡಿಕೊಂಡು ಓದಿದೆ. ಎಲ್ಲದರಲ್ಲೂ ದ್ರೋಣ, ಎಲ್ಲದರಲ್ಲೂ ಶಿಸ್ತಿನ ಸಿಪಾಯಿ. ನನ್ನ ವರದಿ ಒಳ್ಳೆಯ ಜಾಗದಲ್ಲಿ ಬಂದಿತ್ತು. ಹುಣಸೆ ಬರಲು ಉಳಿದಿತ್ತು. ಮಂಡಿ ಇರಲಿಲ್ಲ. ಅಂಗಡಿಯವರು, ‘ನಿಮ್ದೇ ಚೆನ್ನಾಗದೆ ಕಣಕ್ಕ, ಗುರುಭಕ್ತಿ ಕಾಣ್ತದೆ’ ಅಂದರು. ಅವರ ಮೇಲೆ ರೇಗಿ ಏನು ಪ್ರಯೋಜನ?

ಕೋಚು ಬದುಕಿದ್ದಾಗ ಯಾವ ಸಮಾರಂಭದಲ್ಲಿ ನಾನು ಎದುರಾದರೂ ಒಂದೇ ಮಾತು ಕೇಳುತ್ತಿದ್ದರು. ‘ಕಾಲೆಂಗದವ್ವ?’ ವೇದಿಕೆಯ ಮೇಲೆ ದೊಡ್ಡವರಿದ್ದರೂ ಸರಿ, ಅವರನ್ನು ಬಿಟ್ಟು ಇಳಿದು ಬಂದು ಕೇಳುತ್ತಿದ್ದರು. ಎಂಥ ನಾಚಿಕೆಗೆಟ್ಟವನಪ್ಪ, ಮುರಿದವನೇ ಬಂದು ವಿಚಾರಿಸುತ್ತಾನಲ್ಲ ಅಂತ ಒಳಗೇ ಬೈದುಕೊಳ್ಳುತ್ತಿದ್ದೆ. ‘ಅದೆ’ ಅಂತಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದೆ. ಪತ್ರಿಕೆಗಳನ್ನು ಮಡಚಿಡುವಾಗ ಅದೆಲ್ಲ ನೆನಪಾಗಿ ಮತ್ತೆ ಬೈದುಕೊಂಡೆ.

ನಮ್ಮ ಕಡೆ ಹೊಲದಲ್ಲೇ ಹೂಳುವುದು ಹೆಚ್ಚು. ಅವರು ಸುಡಬೇಕು ಅಂದಿದ್ದರಂತೆ, ಸುಟ್ಟರು. ಮೂರನೇ ದಿನ ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ, ಪಶ್ಚಿಮವಾಹಿನಿಗೆ ತಂದರು. ಡೆಸ್ಕಿನವರಿಗೆ ಒಂದು ಫೋಟೊ ಬೇಕಿತ್ತು, ಹೋದೆ. ಪುರೋಹಿತರು ಹೇಳಿದಂತೆ ಕೋಚ್ ಭಾವಮೈದ ನೀರಿಗಿಳಿದ. ಶಿಷ್ಯೆಯರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತಿದ್ದರು. ಒದ್ದೆ ಮೆಟ್ಟಿಲು ನನಗಾಗುವುದಿಲ್ಲ, ಮೇಲೆಯೇ ನಿಂತು ಫೋನಿನಲ್ಲಿ ಚಿತ್ರ ತೆಗೆದೆ. ಕ್ಯಾಪ್ಟನ್ ಕೆಳಗಿನಿಂದ ಹತ್ತಿ ಬಂದು ನನ್ನ ಪಕ್ಕ ನಿಂತಳು. ದಪ್ಪಗಾಗಿದ್ದಳು. ಕಣ್ಣು ಊದಿದ್ದವು.

‘ಪೇಪರ್ ನೋಡ್ದೆ. ನೀನ್ ಅದ್ನ ಬರ್ದಿರ್ಲಿಲ್ಲ’ ಅಂದಳು.

‘ಬರ್ದಿದ್ದೆ. ನೀನ್ ಫೋನ್ ಎತ್ತಿದ್ರೆ ಆಕ್ತಿದ್ರು.’

‘ಎತ್ತಿ ಏನಂತ ಏಳ್ಲಿ?’

‘ಅವ್ರು ಸನ್ನೆ ಮಾಡಿದ್ರು ಅಂತ ಏಳು. ಇವಾಗಾದ್ರೂ ಏಳು.’

ಅವಳು ನದಿಯ ಕಡೆ ನೋಡುತ್ತಲೇ ಹೇಳಿದಳು. ‘ಮಾಡ್ಲಿಲ್ಲ ಕಣೇ. ಅವ್ಳ್ ಬೆನ್ನೊಂದ್ ಮುಟ್ಬ್ಯಾಡ ಅಂತ ಮೊದ್ಲೇ ಏಳಿದ್ರು. ನಾನ್ ನಿನ್ ಇಂದ್ಕೆ ಬಂದಾಗ್ಲೂ ಬ್ಯಾಡಾ, ಬ್ಯಾಡಾ ಅಂತ ಆಚೆಯಿಂದ ಕೂಗ್ತಿದ್ರು. ಜನದ್ ಗಲಾಟೇಲಿ ನಿಂಗ್ ಕೇಳಿಸ್ನಿಲ್ಲ. ನಂಗ್ ಕೇಳಿಸ್ತು. ಓಡೋಳು ನಿನ್ ಮುಂದ್ಗಡೆನೇ ಇದ್ಲು, ಕೈಗ್ ಸಿಗೋ ಅಂಗೆ. ಗೆಲ್ಬೇಕಿತ್ತು ನಂಗೆ. ಕೊಟ್ಬುಟ್ಟೆ.’

ನನಗೆ ತಕ್ಷಣ ಅರ್ಥವಾಗಲಿಲ್ಲ. ‘ಮತ್ತೆ ಅವತ್ತು ಅವ್ರನ್ ಕೂರಿಸಿ ಕೇಳ್ದಾಗ?’

‘ಬಾಯ್ ಬುಡ್ಬ್ಯಾಡ ಅಂದ್ರು. ಅವ್ಳ್ ಕಾಲಂತೂ ಓಯ್ತು, ನಿನ್ ಕೆಲ್ಸನಾದ್ರೂ ಆಗ್ಲಿ, ನಾನ್ ಒಂದ್ ವರ್ಸ ಮನೇಲ್ ಕೂತ್ರೆ ಯಾರಪ್ಪನ್ ಗಂಟೋಯ್ತದೆ ಅಂದ್ರು. ಅದೇ ಗೆದ್ದಿದ್ ಸರ್ಟಿಫಿಕೇಟ್ ಮೇಲೇ ನಂಗ್ ಕೆಲ್ಸ ಆಯ್ತು.’

ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ಕೈ ಏಳಲಿಲ್ಲ. ಅವಳು ಅಳುತ್ತಾ ನನ್ನ ಭುಜ ಹಿಡಿಯಲು ಬಂದಳು, ‘ಮುಟ್ಬ್ಯಾಡ ನನ್ನ’ ಅಂದೆ. ಅವಳು ಮೆಟ್ಟಿಲಿಳಿದು ಉಳಿದವರ ಜೊತೆ ಸೇರಿಕೊಂಡಳು. ಅವರು ಅವಳನ್ನು ನಡುವೆ ಎಳೆದುಕೊಂಡರು. ನೀರಿನಲ್ಲಿ ಹೂವು ತೇಲಿ ಹೋಗಿಯಾಗಿತ್ತು. ನಾನು ತೆಗೆದ ಫೋಟೊ ಕಳಿಸಿದೆ.

ಪಾಂಡವಪುರದಲ್ಲಿ ಬಸ್ಸು ಬದಲಿಸಿ ಕೂತೆ. ಪಕ್ಕದ ಸೀಟು ಖಾಲಿ ಇತ್ತು. ಊದಿದ ಮಂಡಿಯಲ್ಲಿ ನನ್ನನ್ನು ಸಾಲಿಗೆ ಕೂರಿಸಿದ್ದು ಅವರೇ, ಅದು ಸುಳ್ಳಾಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇವಳ ಕಾಲಂತೂ ಹೋಯಿತು ಅಂತ ನನ್ನನ್ನು ಒಂದು ಕಡೆಗೆ ಸರಿಸಿ ಅವಳನ್ನು ಉಳಿಸಿದ್ದೂ ಅವರೇ. ಅದಕ್ಕೆ ಸಿಟ್ಟಾಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಸಿಟ್ಟಾದರೂ ಬಂದಿದ್ದರೆ ಜೊತೆಗಿರುತ್ತಿತ್ತು. ಇಷ್ಟು ವರ್ಷ ಇದ್ದದ್ದು ಅದೊಂದೇ. ಅದೂ ಇಳಿದು ಹೋಗಿತ್ತು.

ಅಷ್ಟರಲ್ಲಿ ಡೆಸ್ಕಿನ ಮುಖ್ಯಸ್ಥರ ಫೋನು. ಫೋಟೊ ಸಿಕ್ಕಿತು ಅಂದರು. ಆಮೇಲೆ ದನಿ ತಗ್ಗಿಸಿ, ‘ಬೇಜಾರು ಮಾಡ್ಕೊಂಡೆಯೇನಮ್ಮ? ಎರಡನೇ ಮೂಲ ಕಡೆಗೂ ಸಿಗಲಿಲ್ಲವಾ?’ ಅಂದರು.

‘ಸಿಕ್ತು ಸರ್. ಇವತ್ತು ಸಿಕ್ತು.’

‘ಏನಂತೆ?’

‘ನಾನ್ ಬರ್ದಿದ್ದು ತಪ್ಪಂತೆ.’

‘ಸದ್ಯ’ ಅಂದರು ಅವರು. ನಿಜವಾಗಿ ನಿರಾಳವಾಗಿತ್ತು ಅವರ ದನಿ. ‘ಹಾಕಲಿಲ್ಲವಲ್ಲ. ಬಚಾವಾದ್ವಿ ಬಿಡಮ್ಮ.’

ಕೆ.ಆರ್. ಪೇಟೆಯಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿಯಲಿ ಅಂತ ಕಾದು, ಕಂಬಿ ಹಿಡಿದು, ಬಲಗಾಲು ಊರಿ ಎಡಗಾಲನ್ನು ಎಳೆದುಕೊಂಡೆ. ಮಂಡಿ ಹಿಂಡುತ್ತಿತ್ತು. ಅಪ್ಪ ಅವ್ವ ಹೋದ ಮೇಲೆ ಕಾಲು ಹೆಂಗಿದೆ ಅಂತ ನನ್ನನ್ನು ಕೇಳುತ್ತಿದ್ದವರು ಈ ಭೂಮಿಯ ಮೇಲೆ ಅವರೊಬ್ಬರೇ. ನೋಯ್ತದೆ ಅಂತ ಒಂದು ಸಲವೂ ಹೇಳಲಿಲ್ಲ.